ಪ್ರೇತ ಬೆನ್ನುಹತ್ತಿದ ಮಾಟಗಾತಿಯನ್ನು ನಾನು ರೂಪಿಸಿದ ಬಗೆ

ಮೇಜಿನ ಸುತ್ತ ಕೂತು, ದಾಳ ಎಸೆಯುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಪಾತ್‌ಫೈಂಡರ್ ಆಟದ ಮೊದಲ ಆವೃತ್ತಿಗೆ ವಿಚ್, ಅಂದರೆ ಮಾಟಗಾತಿ, ಎಂಬ ಕ್ಲಾಸ್ (ಪಾತ್ರದ ವರ್ಗ) ಸೇರಿದ್ದು 2010ರಲ್ಲಿ. ಆ ಆಟದಲ್ಲಿ ನನಗೆ ಅತಿ ಪ್ರಿಯವಾದ ಕ್ಲಾಸ್ ಅದು. ಮಂತ್ರಗಳು ತೀರಿದರೂ ಅವಳ ಬಳಿ ಹೆಕ್ಸ್‌ಗಳೆಂಬ ಮಾಟಗಳಿರುತ್ತವೆ. ಕಣ್ಣು ಹಾಕುತ್ತಾಳೆ, ನಿದ್ದೆ ಬರಿಸುತ್ತಾಳೆ, ಅಪಶಕುನ ನುಡಿಯುತ್ತಾಳೆ. ಒಂದೇ ಒಂದು ಕೊರತೆ ನನ್ನನ್ನು ಬಹಳ ಕಾಲ ಕಾಡಿತು. ಅವಳಿಗೆ ಶಕ್ತಿ ಕೊಡುವ ಪೇಟ್ರನ್ ಎಂಬ ಕಾಣದ ಒಡೆಯ ಆಟದುದ್ದಕ್ಕೂ ಬಾಯಿ ಬಿಡುವುದಿಲ್ಲ. ಎರಡು ಲೆವೆಲ್‌ಗೊಮ್ಮೆ ಒಂದು ಮಂತ್ರವನ್ನು ಪಟ್ಟಿಗೆ ಸೇರಿಸಿ ಸುಮ್ಮನಾಗಿಬಿಡುತ್ತಾನೆ.

ನಮ್ಮ ಗುಂಪಿನಲ್ಲಿ ಕಥೆ ನಡೆಸುವ ಗೇಮ್ ಮಾಸ್ಟರ್ ನಾನೇ. ಹೊಸ ಕಥೆಯನ್ನು ಈ ಆಟದ ಗೋಲರಿಯನ್ ಲೋಕದ ಉಸ್ತಲಾವ್ ಎಂಬ ಮಂಜು ಮುಸುಕಿದ, ಭಯಾನಕ ಕಥೆಗಳಿಗೆಂದೇ ರೂಪಿಸಿದ ನಾಡಿನಲ್ಲಿ ಶುರುಮಾಡಿದಾಗ, ಆಟಗಾರ್ತಿಯೊಬ್ಬರು ತಮ್ಮ ಮಾಟಗಾತಿಗೆ ಅವಳ ಅಜ್ಜಿಯ ಪ್ರೇತವೇ ವಿದ್ಯೆ ಕಲಿಸುತ್ತಿದೆ ಎಂದರು. ಅಜ್ಜಿ ಸೂಲಗಿತ್ತಿ. ಜಮೀನ್ದಾರನ ಮಗು ಹುಟ್ಟುತ್ತಲೇ ಸತ್ತದ್ದಕ್ಕೆ ಅವಳನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ ಕೊಂದಿದ್ದರು. ಇಷ್ಟು ಕೇಳಿದ ಮೇಲೆ ಪುಸ್ತಕದಲ್ಲಿರುವ ಯಾವುದೋ ಪೇಟ್ರನ್ ಹೆಸರನ್ನು ಇದಕ್ಕೆ ಅಂಟಿಸುವುದು ನನ್ನಿಂದಾಗಲಿಲ್ಲ. ಹೊಸ ಆರ್ಕಿಟೈಪ್, ಅಂದರೆ ಕ್ಲಾಸ್‌ನ ಕೆಲವು ಗುಣಗಳನ್ನು ಬದಲಿಸಿದ ರೂಪ, ಬರೆಯಲು ಕುಳಿತೆ.

ಮೊದಲು ಇದೇ ಆಟದಲ್ಲಿ ಪ್ರೇತಗಳನ್ನು ಬೇರೆಯವರು ಹೇಗೆ ಕಟ್ಟಿದ್ದಾರೆ ಎಂದು ನೋಡಿದೆ. ಆರಕಲ್ ಎಂಬ ಇನ್ನೊಂದು ಕ್ಲಾಸ್‌ನಲ್ಲಿ ‘ಹಾಂಟೆಡ್’ ಎಂಬ ಶಾಪವಿದೆ. ಚೀಲದಲ್ಲಿಟ್ಟ ವಸ್ತು ಬೇಗ ಕೈಗೆ ಸಿಗುವುದಿಲ್ಲ, ಕೈಜಾರಿದ್ದು ಹತ್ತು ಅಡಿ ದೂರ ಹೋಗಿ ಬೀಳುತ್ತದೆ. ಓದಲು ಚಂದ, ಆದರೆ ಆ ಪ್ರೇತಗಳಿಗೆ ಬೇಕಾದದ್ದಾದರೂ ಏನು ಎಂಬುದಕ್ಕೆ ಉತ್ತರವಿಲ್ಲ. 2015ರಲ್ಲಿ ಬಂದ, ಪ್ರೇತಗಳನ್ನು ಮೈಮೇಲೆ ಬರಿಸಿಕೊಳ್ಳುವ ಮೀಡಿಯಮ್ ಕ್ಲಾಸ್ ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ಪ್ರೇತದ ಪ್ರಭಾವಕ್ಕೆ ಅಂಕಗಳಿವೆ. ಅಂಕ ಐದು ಮುಟ್ಟಿದರೆ ಮರುದಿನದವರೆಗೆ ಪಾತ್ರ ಗೇಮ್ ಮಾಸ್ಟರ್ ಕೈಗೆ ಹೋಗುತ್ತದೆ. ಅಂಕಗಳ ಏರಿಕೆ ನನಗೆ ಹಿಡಿಸಿತು, ಕೊನೆ ಹಿಡಿಸಲಿಲ್ಲ. ವಾರವಿಡೀ ಕೆಲಸ ಮಾಡಿ ಭಾನುವಾರ ಆಟಕ್ಕೆಂದು ಬಂದವರ ಪಾತ್ರವನ್ನು ಕಿತ್ತುಕೊಂಡು ಅವರನ್ನು ಪ್ರೇಕ್ಷಕರನ್ನಾಗಿ ಕೂರಿಸುವುದು ನನಗೆ ಒಪ್ಪಿಗೆಯಾಗದ ವಿಷಯ. ಪ್ರೇತ ಮೈಮೇಲೆ ಬಂದ ಗಳಿಗೆಯಲ್ಲೇ ಆ ಆಟಗಾರ್ತಿಗೆ ಮಾತು ಹೆಚ್ಚಬೇಕು.

ಹೀಗಾಗಿ ನಿಯಮಗಳಿಗಿಂತ ಮೊದಲು ಪ್ರೇತದ ಬಗ್ಗೆ ಮೂರು ಸಾಲು ಬರೆಯಿಸಿದೆ: ಅದು ಬದುಕಿದ್ದಾಗ ಯಾರು, ಅದಕ್ಕೆ ಏನು ಬೇಕು, ಯಾವುದನ್ನು ಅದು ಸಹಿಸುವುದಿಲ್ಲ. ನಮ್ಮ ಆಟಗಾರ್ತಿ ಬರೆದದ್ದು ಹೀಗಿತ್ತು. ಸೂಲಗಿತ್ತಿ; ಹುಟ್ಟಿದ ಪ್ರತಿ ಮಗುವಿನ ಮುಖ ನೋಡಬೇಕು; ಬೀಗ ಹಾಕಿದ ಬಾಗಿಲನ್ನು ಸಹಿಸಳು. ಈ ಮೂರನೆಯ ಸಾಲೇ ಆರ್ಕಿಟೈಪಿನ ಜೀವ. ‘ಸೇಡು ಬೇಕು’ ಎಂದಷ್ಟೇ ಬರೆದಿದ್ದರೆ ಅದು ಕಥೆಯ ಕೊನೆಯಲ್ಲಿ ಒಮ್ಮೆ ಉಪಯೋಗಕ್ಕೆ ಬರುತ್ತಿತ್ತು. ಬೀಗ ಹಾಕಿದ ಬಾಗಿಲು ಪ್ರತಿ ವಾರವೂ ಎದುರಾಗುತ್ತದೆ. ಇಂಥ ಪಾತ್ರ ಬರೆಯುವವರಿಗೆಲ್ಲ ನಾನು ಹೇಳುವುದು ಇದನ್ನೇ: ಪ್ರೇತದ ಅಸಹನೆ ದಿನನಿತ್ಯ ಕಣ್ಣಿಗೆ ಬೀಳುವ ಸಣ್ಣ ವಸ್ತುವಿನ ಮೇಲಿರಲಿ.

ಇನ್ನು ಲೆಕ್ಕಾಚಾರ. ಸಾಮಾನ್ಯ ವಿಚ್‌ಗೆ ಫೆಮಿಲಿಯರ್ ಇರುತ್ತದೆ. ಬೆಕ್ಕೋ ಕಾಗೆಯೋ ಆದ ಆ ಪ್ರಾಣಿಯೇ ಅವಳ ಮಂತ್ರಗಳ ಭಂಡಾರ. ಅದು ಸತ್ತರೆ, ಒಂದು ದಿನ ಕಳೆದ ಮೇಲೆ, ಲೆವೆಲ್‌ಗೆ 500 ಚಿನ್ನದ ನಾಣ್ಯದಂತೆ ತೆತ್ತು, ಎಂಟು ಗಂಟೆಯ ವಿಧಿ ನಡೆಸಿ ಹೊಸತನ್ನು ಪಡೆಯಬೇಕು. ಮಂತ್ರಗಳನ್ನು ಪ್ರೇತವೇ ಇಟ್ಟುಕೊಂಡರೆ ಅದನ್ನು ಕೊಲ್ಲುವವರು ಯಾರೂ ಇಲ್ಲ. ಕ್ಲಾಸ್‌ನ ಅತಿ ದೊಡ್ಡ ದೌರ್ಬಲ್ಯ ಪುಕ್ಕಟೆಯಾಗಿ ಅಳಿಸಿಹೋಗುತ್ತದೆ. ಅದಕ್ಕಾಗಿ ಪ್ರೇತವನ್ನು ಒಂದು ವಸ್ತುವಿಗೆ ಕಟ್ಟಿದೆ. ನಮ್ಮ ಕಥೆಯಲ್ಲಿ ಅದು ಹೊಕ್ಕುಳಬಳ್ಳಿ ಕತ್ತರಿಸುವ ಸಣ್ಣ ಚಾಕು. ಚಾಕು ಮೈಮೇಲಿಲ್ಲದಿದ್ದರೆ ಮಂತ್ರ ಹಾಕುವಾಗ ಏಕಾಗ್ರತೆಯ ದಾಳ ಎಸೆಯಬೇಕು. ಗುರಿ 20 ಮತ್ತು ಮಂತ್ರದ ಮಟ್ಟ ಕೂಡಿದಷ್ಟು. ವಿಜರ್ಡ್ ಎಂಬ ಮಂತ್ರವಾದಿ ಕ್ಲಾಸ್‌ನವರು ತಮಗೆ ಕಟ್ಟಿಕೊಳ್ಳುವ ಬಾಂಡೆಡ್ ವಸ್ತುವಿಗೆ ಇರುವ ನಿಯಮವೇ ಇದು, ಹಾಗೆಯೇ ತೆಗೆದುಕೊಂಡೆ. ಐದನೆಯ ಲೆವೆಲ್‌ನಲ್ಲಿ, ಬುದ್ಧಿ 20 ಇರುವ ಮಾಟಗಾತಿಗೆ ಲೆವೆಲ್‌ನಿಂದ ಐದು, ಬುದ್ಧಿಯಿಂದ ಐದು ಸೇರಿ ದಾಳದ ಮೇಲೆ ಹತ್ತು ಕೂಡುತ್ತದೆ. ಅಂದರೆ ಚಾಕು ಕಳೆದಾಗ ಮೊದಲ ಮಟ್ಟದ ಮಂತ್ರ ಅರ್ಧಕ್ಕರ್ಧ ಕೈಕೊಡುತ್ತದೆ, ಮೂರನೆಯ ಮಟ್ಟದ್ದು ಶೇಕಡಾ 60ರಷ್ಟು. ಇದು ಸಾಕಷ್ಟು ನೋಯಿಸುತ್ತದೆ. ಚಾಕು ನಾಶವಾದರೆ ಹಣ ಕೊಟ್ಟು ಬಿಡಿಸಿಕೊಳ್ಳುವ ದಾರಿಯನ್ನು ಮಾತ್ರ ತೆಗೆದುಹಾಕಿದೆ. ಅಜ್ಜಿ ಸತ್ತ ಕೋಣೆಗೇ ಹೋಗಿ ಎಂಟು ಗಂಟೆ ಕೂತು ಹೊಸ ವಸ್ತುವಿಗೆ ಅವಳನ್ನು ಕರೆಯಬೇಕು.

ಶಕ್ತಿಯ ಭಾಗಕ್ಕೆ ‘ಹಿಡಿತ’ ಎಂದು ಹೆಸರಿಟ್ಟೆ. ಸೊನ್ನೆಯಿಂದ ನಾಲ್ಕರವರೆಗಿನ ಅಂಕ. ಮೇಜಿನ ಮೇಲೆ ನಾಲ್ಕು ಹುಣಸೆಬೀಜ ಇಟ್ಟುಕೊಂಡರೆ ಮುಗಿಯಿತು, ಬೇರೆ ಲೆಕ್ಕ ಬೇಡ. ನಾಲ್ಕನೆಯ ಲೆವೆಲ್‌ನ ಹೆಕ್ಸ್ ಬಿಟ್ಟುಕೊಟ್ಟು ಇದನ್ನು ಪಡೆಯಬೇಕು. ಮಾಟಗಾತಿ ಪ್ರೇತದ ನೆರವು ಕೇಳಿದಾಗ ಹಿಡಿತ ಒಂದು ಏರುತ್ತದೆ. ಪ್ರತಿಯಾಗಿ ಏನು ಸಿಗಬೇಕು ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ.

ನಿದ್ದೆ ಬರಿಸುವ ಸ್ಲಂಬರ್ ಎಂಬ ಹೆಕ್ಸ್ ತೆಗೆದುಕೊಳ್ಳಿ. ನಮ್ಮ ಐದನೆಯ ಲೆವೆಲ್‌ನ ಮಾಟಗಾತಿಗೆ ಅದರ ಡಿಸಿ, ಅಂದರೆ ಪಾರಾಗಲು ಎದುರಾಳಿ ಮುಟ್ಟಬೇಕಾದ ಗುರಿ, 17: ಹತ್ತು, ಲೆವೆಲ್‌ನ ಅರ್ಧ ಎರಡು, ಬುದ್ಧಿಯ ಐದು. ಎದುರಿಗೆ ಓಗರ್ ಎಂಬ ಒಂದು ದೈತ್ಯ ನಿಂತಿದೆ ಎನ್ನಿ, ಅದರ ವಿಲ್ ಸೇವ್ (ಮನೋಬಲದಿಂದ ಮಾಟವನ್ನು ತಡೆಯುವ ದಾಳಕ್ಕೆ ಕೂಡುವ ಅಂಕ) +3. ಇಪ್ಪತ್ತು ಮುಖದ ದಾಳದಲ್ಲಿ 14 ಅಥವಾ ಹೆಚ್ಚು ಬಿದ್ದರೆ ಅದು ಪಾರು. ಪಾರಾಗುವ ಸಾಧ್ಯತೆ ಶೇಕಡಾ 35. ಪ್ರೇತದ ನೆರವಿನಿಂದ ‘ಎದುರಾಳಿ ಎರಡು ಸಲ ಎಸೆದು ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಲಿ’ ಎಂದು ಬರೆದರೆ ಆ 35 ಇಳಿದು ಸುಮಾರು 12 ಆಗುತ್ತದೆ. ಒಂದೇ ಸುತ್ತಿನಲ್ಲಿ ಹೋರಾಟ ಮುಗಿದಂತೆ. ಆದರೆ ಸ್ಲಂಬರ್‌ಗೆ ಇನ್ನೊಂದು ಕಟ್ಟು ಇದೆ: ಫಲಿಸಲಿ ಬಿಡಲಿ, ಒಮ್ಮೆ ಪ್ರಯೋಗಿಸಿದ ಮೇಲೆ ಅದೇ ಜೀವಿಯ ಮೇಲೆ ಆ ದಿನ ಮತ್ತೆ ಪ್ರಯೋಗಿಸುವಂತಿಲ್ಲ. ದುರದೃಷ್ಟ ತರುವ ಮಿಸ್‌ಫಾರ್ಚೂನ್ ಹೆಕ್ಸ್‌ಗೂ ಹಾಗೆಯೇ. ಪ್ರೇತ ಮುರಿಯಬೇಕಾದದ್ದು ಈ ಕಟ್ಟನ್ನು ಎಂದು ತೀರ್ಮಾನಿಸಿದೆ. ಹಿಡಿತ ಒಂದು ಏರಿಸಿಕೊಂಡರೆ ಅದೇ ಎದುರಾಳಿಯ ಮೇಲೆ ಅದೇ ಹೆಕ್ಸನ್ನು ಇನ್ನೊಮ್ಮೆ ಹಾಕಬಹುದು. ಸಂಭವನೀಯತೆಯ ಗಣಿತ ಅದೇ; ಎರಡೂ ಸಲ ಪಾರಾಗುವ ಸಾಧ್ಯತೆ ಇಲ್ಲಿಯೂ ಸುಮಾರು 12. ಆದರೆ ನಡುವೆ ಒಂದು ಸುತ್ತು ಕಳೆಯುತ್ತದೆ, ಆ ಸುತ್ತಿನಲ್ಲಿ ಓಗರ್ ಯಾರ ಮೇಲೋ ದೊಣ್ಣೆ ಬೀಸುತ್ತದೆ. ಜೊತೆಗೆ ಪ್ರೇತದ ಸ್ವಭಾವಕ್ಕೂ ಇದು ಸರಿಹೊಂದುತ್ತದೆ. ಅದು ಹಿಡಿದದ್ದನ್ನು ಬಿಡುವುದಿಲ್ಲ.

ಹಿಡಿತ ಒಂದರಲ್ಲಿ ದೀಪ ಅಲುಗುವಂಥ ಸಣ್ಣ ಗುರುತುಗಳು. ಎರಡರಲ್ಲಿ ಆರಕಲ್ ಶಾಪದಂತೆ ಕೈಜಾರಿದ ವಸ್ತುಗಳು ದೂರ ಸರಿಯುತ್ತವೆ. ಮೂರರಲ್ಲಿ ಪ್ರೇತದ ದನಿ ಜೊತೆಗಾರರಿಗೂ ಕೇಳಿಸುತ್ತದೆ, ಅಪರಿಚಿತರನ್ನು ಒಲಿಸುವ ಮಾತುಗಳಿಗೆ −2. ಈ ಮೆಟ್ಟಿಲುಗಳಿಗೆ ಯಾವ ಲಾಭವನ್ನೂ ನಾನು ಜೋಡಿಸಲಿಲ್ಲ. ಮೂರರಲ್ಲಿ ಒಂದು ಬೋನಸ್ ಇಟ್ಟರೆ ಯಾವ ಬುದ್ಧಿವಂತ ಆಟಗಾರನೂ ಮೂರರಲ್ಲೇ ಬಿಡಾರ ಹೂಡುತ್ತಾನೆ. ನಾಲ್ಕಾದರೆ ಪ್ರೇತ ಮೈದುಂಬುತ್ತದೆ. ಆಗ ಆ ದೃಶ್ಯ ಮುಗಿಯುವವರೆಗೆ ಆಟಗಾರ್ತಿಯೇ ಪ್ರೇತವಾಗಿ ಆಡುತ್ತಾರೆ. ಮೊದಲೇ ಬರೆದ ಮೂರು ಸಾಲುಗಳೇ ದಾರಿ. ನಂತರ ಹಿಡಿತ ಎರಡಕ್ಕೆ ಇಳಿಯುತ್ತದೆ. ನಿದ್ದೆಯಿಂದ ಹಿಡಿತ ಇಳಿಯುವುದಿಲ್ಲ. ಮೈದುಂಬಿದ ಗಳಿಗೆಯನ್ನು ಬಿಟ್ಟರೆ, ಪ್ರೇತಕ್ಕೆ ಬೇಕಾದದ್ದನ್ನು ಮಾಡಿಕೊಟ್ಟರೆ ಮಾತ್ರ ಇಳಿಯುತ್ತದೆ.

ಇದು ಮೇಜಿನ ಮೇಲೆ ಫಲ ಕೊಟ್ಟ ಸಂಜೆಯನ್ನು ಹೇಳಲೇಬೇಕು. ಒಬ್ಬ ಸಾಮಂತನ ಮನೆಯ ನೆಲಮಾಳಿಗೆಯಲ್ಲಿ ಕಾವಲಿಗಿದ್ದ ಓಗರ್ ಮೊದಲ ಸ್ಲಂಬರ್‌ನಿಂದ ಪಾರಾಯಿತು. ಹಿಡಿತ ಆಗಲೇ ಮೂರು. ಆಟಗಾರ್ತಿ ನಾಲ್ಕನೆಯ ಬೀಜವನ್ನು ಮುಂದೆ ತಳ್ಳಿದರು, ಓಗರ್ ಮಲಗಿತು. ಉಳಿದವರು ಸದ್ದಿಲ್ಲದೆ ಹೊರಗೆ ಜಾರುವ ಯೋಚನೆಯಲ್ಲಿದ್ದರು. ಅಜ್ಜಿಯ ದನಿಯಲ್ಲಿ ಆಟಗಾರ್ತಿ, “ಎಷ್ಟೊಂದು ಬೀಗ ಹಾಕಿದ್ದಾರೆ ಮಗಳೇ ಈ ಮನೆಗೆ! ಒಳಗೆ ಯಾರನ್ನು ಕೂಡಿಹಾಕಿದ್ದಾರೋ ನೋಡು” ಎಂದು ಓಗರ್ ಸೊಂಟದ ಬೀಗದ ಕೈ ಗೊಂಚಲನ್ನೇ ಎತ್ತಿಕೊಂಡು ಸಾಲಾಗಿ ಬಾಗಿಲುಗಳನ್ನು ತೆರೆಯುತ್ತ ಹೋದರು. ನನ್ನ ನಕ್ಷೆಯಲ್ಲಿ ಆ ಕೋಣೆಗಳು ಖಾಲಿ. ಒಂದರಲ್ಲಿ ತುಂಬು ಗರ್ಭಿಣಿಯಾದ ಕೆಲಸದ ಹೆಂಗಸೊಬ್ಬಳನ್ನು ಆ ಕ್ಷಣವೇ ಇಟ್ಟೆ. ಮುಂದಿನ ಇಡೀ ಅಧ್ಯಾಯ ಆಕೆಯನ್ನು ಉಳಿಸುವುದರ ಸುತ್ತಲೇ ನಡೆಯಿತು, ಮಗು ಹುಟ್ಟಿದಾಗ ಹಿಡಿತ ಸೊನ್ನೆಗೆ ಇಳಿಯಿತು.

ನಮ್ಮ ಕಡೆಯಿಂದ ಇದಕ್ಕೆ ಸೇರಿಸಿದ್ದು ಒಂದು ಹೆಕ್ಸ್. ರಾತ್ರಿ ಬಾಗಿಲು ಬಡಿಯುವ ದೆವ್ವವನ್ನು ಸಾಗಹಾಕಲು ಕರ್ನಾಟಕದ ಊರುಗಳಲ್ಲಿ ಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನಮಗೆಲ್ಲ ಗೊತ್ತಿರುವುದೇ. ಎಂಟನೆಯ ಲೆವೆಲ್‌ನ ಹೆಕ್ಸ್ ಬದಲಿಗೆ ಅದನ್ನೇ ಕೊಟ್ಟೆ. ಜೊತೆಗಾರರೊಬ್ಬರು ಭಯ, ಶಾಪ ಅಥವಾ ವಶೀಕರಣದ ಸೇವ್‌ನಲ್ಲಿ ಸೋತಾಗ ಮಾಟಗಾತಿ ತಕ್ಷಣ ‘ನಾಳೆ ಬಾ’ ಎನ್ನಬಹುದು. ಆ ಪರಿಣಾಮ ಹತ್ತು ನಿಮಿಷ ಹೊರಗೆ ನಿಲ್ಲುತ್ತದೆ. ಅವಧಿ ಮುಗಿದೊಡನೆ ಪೂರ್ತಿ ಬಲದಿಂದ ಒಳಗೆ ಬರುತ್ತದೆ, ಎರಡನೆಯ ಸೇವ್ ಇಲ್ಲ. ಗಾಯಕ್ಕೂ ಸಾವಿಗೂ ಇದು ತಾಗುವುದಿಲ್ಲ. ಬೆಲೆ, ಒಂದು ಹಿಡಿತ.

ಕರಾವಳಿಯ ದೈವಗಳನ್ನು ಮಾತ್ರ ಬೇಕೆಂದೇ ಮುಟ್ಟಲಿಲ್ಲ. ಪಂಜುರ್ಲಿ, ಗುಳಿಗ ಇವೆಲ್ಲ ಇಂದಿಗೂ ಕೋಲ ನಡೆಯುವ, ಜನ ಕೈಮುಗಿದು ನ್ಯಾಯ ಕೇಳುವ ದೈವಗಳು. ಅವಕ್ಕೆ ಡಿಸಿ ಬರೆಯುವುದು ನನಗೆ ಸರಿಕಾಣದು. ದೆವ್ವ ಬಿಡಿಸುತ್ತೇವೆಂದು ಹೆಂಗಸರನ್ನು ಹೊಡೆಯುವ ದೃಶ್ಯಗಳನ್ನೂ ಕಥೆಯಿಂದ ಹೊರಗಿಟ್ಟೆ. ಅದನ್ನು ತಡೆಯಲು ಕರ್ನಾಟಕದ ಶಾಸಕಾಂಗ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ನಮ್ಮ ಸುತ್ತ ನಿಜವಾಗಿ ನಡೆಯುವ ಆ ಹಿಂಸೆಯನ್ನು ರಂಜನೆಗೆಂದು ಬಳಸಲಾರೆ. ಆಟ ಶುರುವಾಗುವ ಮೊದಲೇ ಮೈಮೇಲೆ ಬರುವ ದೃಶ್ಯಗಳು ಎಲ್ಲಿಯವರೆಗೆ ಹೋಗಬಹುದು ಎಂದು ಎಲ್ಲರನ್ನೂ ಕೇಳಿಕೊಂಡಿದ್ದೆ. ಈ ಮಾತುಕತೆಯನ್ನು ತಪ್ಪಿಸಿ ಇಂಥ ಪಾತ್ರವನ್ನು ಮೇಜಿಗೆ ತರಬೇಡಿ.

ಎರಡನೆಯ ಆವೃತ್ತಿ ಆಡುವವರಿಗೆ ದಾರಿ ಇನ್ನೂ ಸುಲಭ. ಅಲ್ಲಿ ಹೆಕ್ಸ್‌ಗಳಲ್ಲಿ ಹೆಚ್ಚಿನವು ಫೋಕಸ್ ಪಾಯಿಂಟ್ ಎಂಬ, ಖರ್ಚಾಗಿ ಮತ್ತೆ ತುಂಬುವ ಅಂಕಗಳ ಮೇಲೆ ನಡೆಯುತ್ತವೆ; ಪಾಯಿಂಟ್ ಖಾಲಿಯಾದಾಗ ಹಿಡಿತ ಏರಿಸಿಕೊಂಡು ಅದನ್ನು ಸಾಲವಾಗಿ ಪಡೆಯುವಂತೆ ಮಾಡಬಹುದು.

ಬರೆಯದೆ ಉಳಿದಿರುವುದು ಹದಿನೆಂಟನೆಯ ಲೆವೆಲ್‌ನ ಗ್ರ್ಯಾಂಡ್ ಹೆಕ್ಸ್, ಅಂದರೆ ಅತಿ ಬಲಿಷ್ಠ ದರ್ಜೆಯ ಹೆಕ್ಸ್. ಅಷ್ಟರೊಳಗೆ ಅಜ್ಜಿಯನ್ನು ಕೂಡಿಹಾಕಿದ ಆ ಕೋಣೆಯ ಬಾಗಿಲು ತೆರೆದಿರುತ್ತದೆ, ಅವಳಿಗೆ ಹೋಗಿಬಿಡುವ ಅವಕಾಶ ಸಿಕ್ಕಿರುತ್ತದೆ. ಹೋದರೆ ಮೊಮ್ಮಗಳ ಮಂತ್ರಗಳೆಲ್ಲ ಉಳಿಯುತ್ತವೆ, ಚಾಕುವಿನ ಜಾಗಕ್ಕೆ ಮಾಮೂಲಿ ಫೆಮಿಲಿಯರ್ ಬರುತ್ತದೆ, ಹಿಡಿತ ಇಲ್ಲವಾಗುತ್ತದೆ. ಉಳಿದರೆ ಆ ಹೆಕ್ಸ್ ಸಿಗುತ್ತದೆ, ಆದರೆ ಅಜ್ಜಿಗೆ ಮತ್ತೆಂದೂ ಬಿಡುಗಡೆಯಿಲ್ಲ. ಯಾವುದೆಂದು ಅಜ್ಜಿ ಮತ್ತು ಮೊಮ್ಮಗಳು ಮಾತಾಡಿಕೊಂಡು ತೀರ್ಮಾನಿಸಬೇಕು, ಎರಡೂ ದನಿಯಲ್ಲಿ ಮಾತಾಡುವವರು ಆಟಗಾರ್ತಿಯೇ ಆಗಿರಬೇಕು ಎಂಬಷ್ಟನ್ನು ಕಾಗದದ ಮೇಲೆ ಗಟ್ಟಿಮಾಡಿದ್ದೇನೆ.