ಕೆರೆ ಪಕ್ಕ ಗೇಟೆಡ್ ಮನೆ ಬೇಕಾ? ಫ್ಲ್ಯಾಟ್‌ಗಿಂತ ಮೊದಲು ಕೆರೆ ನೋಡಿ

ಬ್ರೋಕರ್ ಕರೆದುಕೊಂಡು ಹೋಗುವುದು ಭಾನುವಾರ ಬೆಳಿಗ್ಗೆ. ಅದೂ ನವೆಂಬರ್, ಡಿಸೆಂಬರ್‌ನಲ್ಲಾದರೆ ಮುಗಿದೇ ಹೋಯಿತು. ಕೆರೆ ತುಂಬಿರುತ್ತದೆ, ಬೆಳ್ಳಕ್ಕಿ, ನೀರುಕಾಗೆ ಕೂತಿರುತ್ತವೆ, ತಣ್ಣನೆ ಗಾಳಿ ಬೇರೆ. ನಾವೂ ಬಾಲ್ಕನಿಯಲ್ಲಿ ಐದು ನಿಮಿಷ ನಿಂತು "ಇದೇ ಆಗಲಿ" ಅಂದುಬಿಟ್ಟೆವು. ಮಾರ್ಚ್ ಬಂದಾಗ ಅದೇ ಬಾಲ್ಕನಿ ಬಾಗಿಲನ್ನು ಸಂಜೆ ಆರಕ್ಕೇ ಮುಚ್ಚಬೇಕಾಯಿತು, ಅರ್ಧ ವಾಸನೆಗೆ, ಅರ್ಧ ಸೊಳ್ಳೆಗೆ. ಆರು ವರ್ಷ ಆಯಿತು, ಬಿಟ್ಟು ಹೋಗುವ ಮನಸ್ಸಂತೂ ಇಲ್ಲ. ಆದರೆ ಈಗ ಹೊಸದಾಗಿ ಹುಡುಕಿದ್ದರೆ ಬೇರೆ ಥರ ಹುಡುಕುತ್ತಿದ್ದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಬೆಂಗಳೂರಿನ ಕೆರೆಗಳು ಬಹುಪಾಲು ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆಗಳು. ಹಾಗಾಗಿ ಪಕ್ಕ ಅಂದರೆ ಎಲ್ಲ ಪಕ್ಕವೂ ಒಂದೇ ಅಲ್ಲ. ನೀರು ಹರಿದು ಬಂದು ಹರಡಿಕೊಳ್ಳುವ ಕಡೆ ಒಂದು, ಅದು ಕೆರೆ ಅಂಗಳ. ಏರಿಯ ಕೆಳಗಿನ ಕಡೆ ಇನ್ನೊಂದು, ಹಿಂದೆ ತೂಬಿನ ನೀರಲ್ಲಿ ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟು. ಮತ್ತೆ ಅಕ್ಕಪಕ್ಕದ ದಿಣ್ಣೆ. ನೀವು ನೋಡುತ್ತಿರುವ ಅಪಾರ್ಟ್‌ಮೆಂಟ್ ಈ ಮೂರರಲ್ಲಿ ಎಲ್ಲಿದೆ? ದಿಣ್ಣೆ ಮೇಲಿದ್ದರೆ ಅರ್ಧ ಚಿಂತೆ ಕಡಿಮೆ. ಏರಿ ಕೆಳಗಿದ್ದರೆ, ಕೆರೆ ತುಂಬಿದಾಗ ನಿಮ್ಮ ಬೇಸ್‌ಮೆಂಟ್ ಪಾರ್ಕಿಂಗ್ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆ ಏರಿ ಒಡೆದಾಗ ನೂರಾರು ಮನೆಗಳಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ.

ಆಮೇಲೆ ಕೋಡಿ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ, ಎಲ್ಲಿದೆ ಅಂತ ಕೇಳಿ. ಬ್ರೋಕರ್‌ಗೆ ಆ ಪದವೇ ಗೊತ್ತಿರುವುದಿಲ್ಲ, ಏರಿ ಮೇಲೆ ಹಸು ಮೇಯಿಸುವವರನ್ನೋ ಹಳೇ ಊರಿನ ಟೀ ಅಂಗಡಿಯವರನ್ನೋ ಕೇಳಿ. ನಾನು ಕೇಳಿದ್ದು ರಿಜಿಸ್ಟ್ರೇಷನ್ ಎಲ್ಲ ಮುಗಿದ ಮೇಲೆ. ಅಲ್ಲಿದ್ದ ಅಜ್ಜ ಬೀಡಿ ಕೆಳಗಿಟ್ಟು, "ನಿಮ್ಮ ಮಕ್ಕಳು ಆಡ್ತಾವಲ್ಲ ಸಾರ್ ಆ ಜಾಗ, ಕೆರೆ ಕೋಡಿ ಬಿದ್ರೆ ನೀರು ಹೋಗ್ತಿದ್ದದ್ದು ಅದರ ಮೇಲೇನೇ" ಅಂದರು. ಆ ಅಕ್ಟೋಬರ್‌ನಲ್ಲಿ ನಮ್ಮ ಜಾರುಬಂಡೆ ಮೊಣಕಾಲುದ್ದ ನೀರಲ್ಲಿ ನಿಂತಿತ್ತು.

ಇನ್ನೊಂದು ವಿಷಯ, ಇಲ್ಲಿ ಕೆರೆಗಳು ಸರಪಳಿ ಥರ. ಮೇಲಿನ ಕೆರೆ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ, ಅಂದರೆ ಮಳೆನೀರಿನ ದೊಡ್ಡ ಕಾಲುವೆಯಲ್ಲಿ, ಕೆಳಗಿನ ಕೆರೆಗೆ ಬರುತ್ತದೆ, ಅಂದರೆ ನಿಮ್ಮ ಕೆರೆ ಎಷ್ಟೇ ಚೆನ್ನಾಗಿದ್ದರೂ ಎರಡು ಕಿಲೋಮೀಟರ್ ಮೇಲೆ ಯಾರೋ ಕಾಲುವೆ ಒತ್ತಿ ಗೋಡೆ ಕಟ್ಟಿದ್ದರೆ ಅದರ ಫಲ ಉಣ್ಣುವವರು ನೀವು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಒಂದು ಅಪಾರ್ಟ್‌ಮೆಂಟ್‌ಗೆ ದೋಣಿಯೇ ಬರಬೇಕಾಯಿತು. ದುಡ್ಡು ಜಾಸ್ತಿ ಕೊಟ್ಟರೂ ನೀರು ಗೇಟ್ ಪಾಸ್ ಕೇಳಿ ಒಳಗೆ ಬರುವುದಿಲ್ಲ.

ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ, ಕಂದಾಯ ಇಲಾಖೆಯದು, ದುಡ್ಡು ಕೊಡಬೇಕಿಲ್ಲ. ಜಾಗದಲ್ಲೇ ನಿಂತು ತೆರೆದರೆ ಸರ್ವೆ ನಂಬರ್ ಬರುತ್ತದೆ, ಹತ್ತಿರದ ಕೆರೆ, ಹಳ್ಳ ಎಲ್ಲ ಕಾಣುತ್ತದೆ. ಬಿಲ್ಡರ್ ಕೊಟ್ಟ ಬಣ್ಣದ ನಕ್ಷೆಯಲ್ಲಿ ಹಸಿರು ಪಟ್ಟಿ ಅಂತ ಇರುವುದು ಇಲ್ಲಿ ಹಳ್ಳ ಅಂತ ಬಂದರೆ ಸುಮ್ನೆ ಕಾರು ತಿರುಗಿಸಿ. ಬಫರ್ ಲೆಕ್ಕವೂ ತಿಳಿದಿರಲಿ, ಅಂದರೆ ಕೆರೆ ಅಂಚಿನಿಂದ ಎಷ್ಟು ದೂರದವರೆಗೆ ಕಟ್ಟಡ ಕಟ್ಟಬಾರದು ಅನ್ನುವುದು. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯಿಂದ 30 ಮೀಟರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮಾಡಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಈ ಅಳತೆ ಹೀಗೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ, ಹಾಗಾಗಿ ಕೊಳ್ಳುವ ಹೊತ್ತಿನ ನಿಯಮ ಏನು ಅಂತ ನಿಮ್ಮದೇ ವಕೀಲರನ್ನು ಕೇಳಿ. ಬಿಲ್ಡರ್ ತೋರಿಸಿದ ವಕೀಲರನ್ನಲ್ಲ.

ಮನೆ ನೋಡಲು ಮೂರು ಸಲ ಹೋಗಿ. ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ಒಮ್ಮೆ, ಬೇಸಿಗೆಯ ಸಂಜೆ ಒಮ್ಮೆ, ಸೋಮವಾರ ಒಂಬತ್ತು ಗಂಟೆಗೆ ಒಮ್ಮೆ. ಕೊನೆಯದು ಟ್ರಾಫಿಕ್‌ಗೆ, ಹೆಚ್ಚು ಹೇಳಬೇಕಿಲ್ಲ. ಬೇಸಿಗೆಯ ಸಂಜೆ ಹೋದಾಗ ಕೆಳಗಿನ ಮಹಡಿಯ ಯಾರಾದರೂ ಅಕ್ಕನನ್ನು ಮಾತಾಡಿಸಿ, ದೇವರ ಮನೆಯ ಬೆಳ್ಳಿ ದೀಪ ಎಷ್ಟು ದಿನಕ್ಕೆ ಕಪ್ಪಾಗುತ್ತದೆ ಅಂತ ಕೇಳಿ. ತಮಾಷೆ ಅಲ್ಲ. ಕೊಳಚೆ ಕೊಳೆತಾಗ ಏಳುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ಎಸಿಯ ತಾಮ್ರದ ಕಾಯಿಲನ್ನೂ ತಿನ್ನುತ್ತದೆ. ಕೆರೆಗೆ ಬರುವ ನೀರು ಎಂಥದ್ದು ಅನ್ನುವುದೇ ಮುಖ್ಯ. ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ಜೊಂಡಿನ ನಡುವೆ ಹಾದು ಬರುತ್ತದೆ. ಬೆಳ್ಳಂದೂರಿನಲ್ಲಿ ನೊರೆ, ಬೆಂಕಿ ಎರಡನ್ನೂ ನೋಡಿದ್ದೇವೆ.

ಕಾಗದ ಪತ್ರದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರನ್ನು ನೀವೇ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಖಾತೆ (ಪಾಲಿಕೆಯ ಆಸ್ತಿ ದಾಖಲೆ), ಇಸಿ (ಋಣಭಾರ ಪ್ರಮಾಣಪತ್ರ), ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಕೇಳಿ, ಅಗ್ರಿಮೆಂಟ್ ನೋಂದಣಿ ಆಗುವ ಮೊದಲು 10%ಗಿಂತ ಜಾಸ್ತಿ ಕೊಡಬೇಡಿ. ಓಸಿ ಇನ್ನೇನು ಬರುತ್ತೆ ಅಂದರೆ, ಬಂದ ಮೇಲೆ ಬರ್ತೀನಿ ಅನ್ನಿ.

ಈಗ ಬಜೆಟ್. ಫ್ಲ್ಯಾಟ್ ಅಗ್ಗ ಸಿಕ್ಕಬಹುದು, ಅದರೊಳಗೆ ಬದುಕುವುದು ಅಗ್ಗ ಆಗಬೇಕಲ್ಲ. ಚದರ ಅಡಿಗೆ 4 ರೂಪಾಯಿ ಮೇಂಟೆನೆನ್ಸ್ ಅಂದರೆ ಕಡಿಮೆ ಅನ್ನಿಸುತ್ತದೆ, 1,100 ಅಡಿಗೆ ತಿಂಗಳಿಗೆ 4,400 ಆಯಿತು. ಅದು 7,500 ದಾಟಿ, ನಿವಾಸಿಗಳ ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ದಾಟಿದ್ದರೆ 18% ಜಿಎಸ್‌ಟಿ ಬೇರೆ. ಇದರಲ್ಲಿ ಈಜುಕೊಳ, ಹುಲ್ಲುಹಾಸು, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಲಿಫ್ಟು, ಸೆಕ್ಯುರಿಟಿ ಎಲ್ಲ ಸೇರಿರುತ್ತದೆ, ಎಷ್ಟು ಮನೆ ಇದನ್ನು ಹಂಚಿಕೊಳ್ಳುತ್ತವೆ ಅಂತ ನೋಡಿ. 60 ಮನೆಗೆ ಒಂದು ಈಜುಕೊಳ ಅಂದರೆ ಜೇಬಿಗೆ ಭಾರ, 600 ಮನೆಗೆ ಒಂದು ಅಂದರೆ ಏಪ್ರಿಲ್‌ನಲ್ಲಿ ಇಳಿಯಲು ಜಾಗ ಇರುವುದಿಲ್ಲ. 2024ರ ಬೇಸಿಗೆಯಲ್ಲಂತೂ ಕುಡಿಯುವ ನೀರನ್ನು ಈಜುಕೊಳಕ್ಕೆ ಬಿಡಬಾರದು ಅಂತ ಜಲಮಂಡಳಿ ಆದೇಶವನ್ನೇ ಹೊರಡಿಸಿತ್ತು. ಕಿಟಕಿ ತೆಗೆದರೆ ಕೆರೆ, ನಲ್ಲಿ ತಿರುಗಿಸಿದರೆ ಟ್ಯಾಂಕರ್ ನೀರು, ಇದು ನಮ್ಮೂರು. ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ ಶುರುವಾಯಿತು, ಆದರೆ ಪೈಪ್ ಬಂದಿದೆ ಅನ್ನುವುದಕ್ಕೂ ನೀರು ಬರುತ್ತಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಫೆಬ್ರುವರಿಯಿಂದ ಮೇವರೆಗಿನ ಟ್ಯಾಂಕರ್ ಬಿಲ್ ತೋರಿಸಿ ಅಂತ ಸಂಘದವರನ್ನು ಕೇಳಿ.

ಹೊರಗಿನ ಸೌಲಭ್ಯಗಳಲ್ಲಿ ನಿಜಕ್ಕೂ ಬಳಕೆಯಾಗುವುದು ವಾಕಿಂಗ್ ದಾರಿ, ಬ್ಯಾಡ್ಮಿಂಟನ್ ಕೋರ್ಟು, ಮರದ ಕೆಳಗಿನ ಕಟ್ಟೆ, ಇಷ್ಟೇ. ಆಂಫಿಥಿಯೇಟರ್‌ನಲ್ಲಿ ವರ್ಷಕ್ಕೆ ಎರಡು ಸಲ ಜನ ಸೇರುತ್ತಾರೆ, ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ. ಹಂತ ಹಂತವಾಗಿ ಕಟ್ಟುವ ಕಡೆ ಕ್ಲಬ್‌ಹೌಸ್ ಕೊನೆಯ ಹಂತದಲ್ಲಿದ್ದರೆ ಅದು ಇಲ್ಲ ಅಂದುಕೊಂಡೇ ಬೆಲೆ ಮಾತಾಡಿ. ಸಾಧ್ಯವಿದ್ದರೆ ಅದೇ ಅಪಾರ್ಟ್‌ಮೆಂಟ್‌ನಲ್ಲಿ ಒಂದು ವರ್ಷ ಬಾಡಿಗೆಗಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೆ ಬೇರೆ ಯಾರನ್ನೂ ಕೇಳಬೇಕಿಲ್ಲ.

ಬಂದ ಮೇಲೆ ಮೊದಲ ವಾರವೇ ಕಿಟಕಿಗೆಲ್ಲ ಸೊಳ್ಳೆ ಪರದೆ ಹಾಕಿಸಿ, ಪರದೆ ಬಟ್ಟೆ ಆಮೇಲೆ ನೋಡಿಕೊಳ್ಳಬಹುದು. ಗಣೇಶ ವಿಸರ್ಜನೆಯ ದಿನಗಳಲ್ಲಿ ಕೆರೆ ಪಕ್ಕದ ಕಲ್ಯಾಣಿಗೆ ಊರೆಲ್ಲ ಬರುತ್ತದೆ, ಆ ಸಂಜೆಗಳಲ್ಲಿ ಕಾರು ತೆಗೆಯಬೇಡಿ. ಹಾವೂ ಬರುತ್ತದೆ. ನಮ್ಮಲ್ಲಿ ಬಂದದ್ದು ಹೆಚ್ಚಾಗಿ ಕೇರೆ ಹಾವು, ವಿಷ ಇಲ್ಲ, ಇಲಿ ತಿನ್ನುತ್ತದೆ. ಆದರೂ ಯಾವ ಹಾವು ಅಂತ ನೀವೇ ತೀರ್ಮಾನ ಮಾಡಲು ಹೋಗಬೇಡಿ, ದೂರ ನಿಂತು ಕಣ್ಣಿಟ್ಟಿರಿ, ಹಾವು ಹಿಡಿಯುವವರ ನಂಬರ್ ಸೆಕ್ಯುರಿಟಿ ಕ್ಯಾಬಿನ್ ಗೋಡೆ ಮೇಲೆ ದೊಡ್ಡದಾಗಿ ಬರೆಸಿಡಿ.