ಕಡಲಹಕ್ಕಿಗಳ ದ್ವೀಪಕ್ಕೆ ಇಲಿ ನುಗ್ಗದಂತೆ ತಡೆಯುವುದು

ಬಸುರಿ ಇಲಿಯೊಂದು ದಡ ಸೇರಿದರೂ ಸಾಕು, ಬಿಲದಲ್ಲಿ ಮೊಟ್ಟೆಯಿಡುವ ಕಡಲಹಕ್ಕಿಗಳಾದ ಪೆಟ್ರೆಲ್‌ಗಳಿಗೆ ಕುತ್ತು. ಪುಟ್ಟ ಇಲಿ ಏನು ಮಾಡೀತು ಎನ್ನಬೇಡಿ: ದಕ್ಷಿಣ ಅಟ್ಲಾಂಟಿಕ್‌ನ ಗಫ್ ದ್ವೀಪದಲ್ಲಿ ಸಾಮಾನ್ಯ ಮನೆ-ಇಲಿಗಳೇ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಮರಿಗಳನ್ನು ಜೀವಂತ ಕಚ್ಚಿ ತಿಂದಿವೆ.

ದ್ವೀಪಕ್ಕೆ ಒಯ್ಯುವ ಸಾಮಾನನ್ನು ಇಲಿ ನುಸುಳದ ಕೋಣೆಯಲ್ಲೇ ಕಟ್ಟಿ. ಆಹಾರಕ್ಕೆ ಬಿಗಿ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬಳಸಿ. ರಟ್ಟಿನ ಪೆಟ್ಟಿಗೆ ಬೇಡ, ಅದರ ಮಡಿಕೆಗಳಲ್ಲಿ ಇರುವೆ, ಜೇಡ ಅಡಗುತ್ತವೆ. ಬೂಟಿನ ಅಡಿ, ಜೇಬಿನ ಮೂಲೆ, ವೆಲ್ಕ್ರೋ ಪಟ್ಟಿಗಳಿಂದ ಬೀಜಗಳನ್ನು ಚಿಮಟದಿಂದ ಕೀಳಿ. ವೆಲ್ಕ್ರೋ ಮರೆಯುವವರೇ ಹೆಚ್ಚು. ದೋಣಿಯಲ್ಲಿ ಸದಾ ಬೋನು ಇರಲಿ.

ಇಲಿ ಬಂದಿದೆಯೇ ಎಂದು ತಿಳಿಯಲು, ದ್ವೀಪದಲ್ಲಿ ಇಳಿಯುವ ಜಾಗದ ಸುತ್ತ ಚಾಕೊಲೇಟ್ ಅಥವಾ ಕಡಲೆಕಾಯಿ ಪರಿಮಳದ, ವಿಷವಿಲ್ಲದ ಮೇಣದ ತುಂಡುಗಳನ್ನು ಸುಮಾರು 50 ಮೀಟರ್‌ಗೊಂದರಂತೆ ತಂತಿಯಿಂದ ಬಿಗಿಯಿರಿ. ಸಡಿಲವಾಗಿಟ್ಟರೆ ಏಡಿ ಹೊತ್ತೊಯ್ದೀತು. ಮೇಣದ ಮೇಲೆ ಅಕ್ಕಪಕ್ಕ ಎರಡು ಸಮಾನಾಂತರ ಗೀರು ಕಂಡರೆ ಅದು ದಂಶಕದ (ಇಲಿಯಂಥ ಕಡಿಯುವ ಪ್ರಾಣಿಯ) ಬಾಚಿಹಲ್ಲಿನ ಗುರುತು. ಕೊಕ್ಕಿನ ಗುರುತು ಕುಳಿಯಂತಿರುತ್ತದೆ, ಏಡಿಯದು ಅಡ್ಡಾದಿಡ್ಡಿ ಚಿವುಟು. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ತುಂಡನ್ನು ಎಸೆಯಬೇಡಿ.

ಗೀರು ಖಚಿತವಾದರೆ ಅಂದೇ ದ್ವೀಪದ ಹೊಣೆ ಹೊತ್ತವರಿಗೆ ತಿಳಿಸಿ, ಬೋನುಗಳನ್ನು ಒತ್ತಾಗಿ ಹೂಡಿ. ಬೋನಿಗೆ ಮುಚ್ಚು ಪೆಟ್ಟಿಗೆ ಕಡ್ಡಾಯ, ಇಲ್ಲದಿದ್ದರೆ ಮೊದಲು ಸಿಕ್ಕಿಬೀಳುವುದು ಹಕ್ಕಿಯೇ. ವಿಷವನ್ನು ಮಾತ್ರ ಪರವಾನಗಿ ಇರುವವರೇ ಇಡಬೇಕು: ಸತ್ತ ಇಲಿ ತಿಂದ ಸ್ಕೂವಾ, ಗಲ್ ಹಕ್ಕಿಗಳೂ ಸಾಯುತ್ತವೆ.