ಟ್ರೇಲರ್‌ನ ಕಕ್ಕಸು ಟ್ಯಾಂಕಿನ ವಾಲ್ವ್ ಕಚ್ಚಿಕೊಂಡರೆ

ಟ್ಯಾಂಕ್ ತುಂಬಿದೆ, ಅದನ್ನು ಖಾಲಿ ಮಾಡುವ ವಾಲ್ವಿನ ಹಿಡಿ ಅಲ್ಲಾಡುತ್ತಿಲ್ಲ. ಅಮೆರಿಕದಲ್ಲಿ ಚಳಿಗಾಲವಿಡೀ ನಿಲ್ಲಿಸಿ ಹೊರತೆಗೆದ ಟ್ರಾವೆಲ್ ಟ್ರೇಲರ್‌ಗಳಲ್ಲಿ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿ) ಇದು ಮಾಮೂಲಿ. ಕಾಲು ಕೊಟ್ಟು ಜಗ್ಗಿದರೆ ಹಿಡಿ ಕಿತ್ತು ಕೈಗೆ ಬರುತ್ತದೆ, ವಾಲ್ವ್ ಮಾತ್ರ ಇದ್ದಲ್ಲೇ ಇರುತ್ತದೆ.

ವಾಲ್ವಿನೊಳಗಿರುವುದು ಹಿಡಿ ಎಳೆದಾಗ ಸರಿಯುವ ಒಂದು ತೆಳು ಬ್ಲೇಡ್, ಅದರ ಎರಡು ಪಕ್ಕಕ್ಕೆ ಒಂದೊಂದು ರಬ್ಬರ್ ಸೀಲ್, ಅಷ್ಟೆ. ಕಕ್ಕಸು ಟ್ಯಾಂಕಿಗೆ ಸಾಮಾನ್ಯವಾಗಿ 3 ಇಂಚಿನದು, ಬಚ್ಚಲು-ಸಿಂಕಿನ ಟ್ಯಾಂಕಿಗೆ ಒಂದೂವರೆ ಇಂಚಿನದು. ಬ್ಲೇಡ್ ಕೂರುವ ಸಂದಿಯಲ್ಲಿ ಕಾಗದ, ಹೊಲಸು ಸೇರಿ ಗಟ್ಟಿಯಾಗುತ್ತದೆ. ಒಣಗಿದ ಸೀಲ್ ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ಹಿಮಗಟ್ಟಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ, ಬೆಂಕಿ ಬೇಡ.

ಏನು ಮಾಡುವುದಿದ್ದರೂ ಡಂಪ್ ಸ್ಟೇಷನ್‌ನಲ್ಲಿ (ಇಂಥ ಟ್ಯಾಂಕುಗಳನ್ನು ಖಾಲಿ ಮಾಡುವ ಜಾಗ), ಪೈಪ್ ಜೋಡಿಸಿಕೊಂಡೇ ಮಾಡಿ. ಹಿಡಿಗೂ ವಾಲ್ವಿಗೂ ನಡುವೆ ಕೇಬಲ್ ಇದ್ದರೆ ವಾಲ್ವಿನ ತುದಿಯಲ್ಲಿ ಅದನ್ನು ಬಿಡಿಸಿ, ಬ್ಲೇಡಿಗೆ ಸೇರಿದ ರಾಡನ್ನು ಇಕ್ಕಳದಲ್ಲಿ ಎಳೆದು ನೋಡಿ. ಸಲೀಸಾಗಿ ಬಂದರೆ ವಾಲ್ವ್ ಸರಿಯಿದೆ. ತುಕ್ಕು ಹಿಡಿದದ್ದು ಕೇಬಲ್, ಅದನ್ನಷ್ಟೇ ಬದಲಿಸಿದರೆ ಸಾಕು.

ಬರಲಿಲ್ಲವೆಂದರೆ ನೆನೆಸಿ. ಟ್ಯಾಂಕಿನಲ್ಲಿ ಜಾಗವಿದ್ದರೆ ಕೈ ತಾಳುವಷ್ಟು ಬಿಸಿಯ ನೀರು 8-10 ಲೀಟರ್, ಪಾತ್ರೆ ತೊಳೆಯುವ ಸೋಪು ಸ್ವಲ್ಪ, ವಾಲ್ವ್ ಲೂಬ್ರಿಕೆಂಟ್ ಸುಮಾರು 120 ಮಿ.ಲೀ. ಕಮೋಡಿನಲ್ಲಿ ಸುರಿದು ರಾತ್ರಿಯಿಡೀ ಬಿಡಿ. ಹೊರಗಿನ ರಾಡಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ವ್ಯಾಸಲೀನ್, ಎಂಜಿನ್ ಆಯಿಲ್ ಬೇಡ; ರಬ್ಬರ್ ಉಬ್ಬಬಹುದು. ಬೆಳಿಗ್ಗೆ ಮೊದಲು ಒಳಕ್ಕೆ ತಳ್ಳಿ, ಆಮೇಲೆ ಎಳೆಯಿರಿ. ಕೂದಲೆಳೆಯಷ್ಟು ಸರಿದರೂ ಹಾಗೇ ಹಿಂದೆ ಮುಂದೆ ಆಡಿಸುತ್ತಿರಿ. ಹೆಚ್ಚಿನವು ಇಷ್ಟಕ್ಕೇ ಬಿಡುತ್ತವೆ.

ಬಿಡದಿದ್ದರೆ ವಾಲ್ವ್ ಬದಲಿಸಬೇಕು. ತುಂಬಿದ ಟ್ಯಾಂಕಿನ ವಾಲ್ವ್ ಬಿಚ್ಚಬೇಡಿ, ಮೈಮೇಲೆ ಬರುತ್ತದೆ. ಕಮೋಡಿನ ಮೂಲಕ ಪಂಪಿನಿಂದ ಖಾಲಿ ಮಾಡಿಸಿ, ಮೂರ್ನಾಲ್ಕು ಸಲ ನೀರು ಹಾಕಿ ತೊಳೆಯಿರಿ. ಆದರೂ ತಳದಲ್ಲಿ ಒಂದೆರಡು ಲೀಟರ್ ಉಳಿದೇ ಇರುತ್ತದೆ. ಬಕೆಟ್, ಗ್ಲೌಸ್, ಕನ್ನಡಕ ಇರಲಿ.

ನಾಲ್ಕು ಬೋಲ್ಟುಗಳಿರುತ್ತವೆ, ಸಾಮಾನ್ಯವಾಗಿ 7/16 ಇಂಚಿನ ಸ್ಪ್ಯಾನರ್ ಹಿಡಿಯುತ್ತದೆ. ತುಕ್ಕು ಹಿಡಿದು ತಿರುಗದಿದ್ದರೆ ಹ್ಯಾಕ್ಸಾದಿಂದ ಕೊಯ್ದುಬಿಡಿ, ಹೊಸ ಕಿಟ್ಟಿನಲ್ಲಿ ಬೋಲ್ಟು ಬರುತ್ತದೆ. ಹಳೆ ಸೀಲ್‌ಗಳ ಯಾವ ಮುಖ ಯಾವ ಕಡೆಗಿತ್ತೆಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯದನ್ನು ಮತ್ತೆ ಹಾಕುವ ಜಿಪುಣತನ ಬೇಡ. ಹೊಸ ಸೀಲ್‌ಗಳಿಗೆ ಸಿಲಿಕೋನ್ ಗ್ರೀಸ್ ಸವರಿ, ಎರಡೂ ಕಡೆಯ ಪೈಪಿನ ಫ್ಲೇಂಜಿನ (ಬೋಲ್ಟು ಕೂರುವ ಅಗಲ ಅಂಚು) ಮೇಲೆ ಕೂರಿಸಿ, ನಡುವೆ ವಾಲ್ವನ್ನು ಮೆಲ್ಲಗೆ ತೂರಿಸಿ. ಕೆಲಸ ಕೆಡುವುದು ಇಲ್ಲೇ: ಸೀಲಿನ ಅಂಚು ಒಂದು ಕಡೆ ಮಡಚಿಕೊಂಡಿದ್ದು ಕಣ್ಣಿಗೆ ಬೀಳುವುದಿಲ್ಲ, ಆಮೇಲೆ ಸೋರುತ್ತದೆ. ಟಾರ್ಚ್ ಹಿಡಿದು ಸುತ್ತಲೂ ನೋಡಿ. ಪೈಪ್ ಅಗಲಿಸಲು ಬಾರದಿದ್ದರೆ ಪೈಪನ್ನು ಹಿಡಿದಿರುವ ಪಟ್ಟಿ (ಹ್ಯಾಂಗರ್) ಸಡಿಲಿಸಿ, ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ.

ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಅತಿಯಾಗಿ ಬಿಗಿದರೆ ವಾಲ್ವಿನ ಮೈ ಬಾಗಿ ಹೊಸ ಬ್ಲೇಡೂ ಕಚ್ಚಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಹಿಡಿ ಎಳೆದು ನೋಡಿ. ಕೊನೆಗೆ ವಾಲ್ವ್ ಮುಚ್ಚಿ 20 ಲೀಟರ್ ನೀರು ಹಾಕಿ, ಹೊರಗಿನ ಪೈಪಿನ ತುದಿಯ ಮುಚ್ಚಳ ತೆಗೆದು ಅರ್ಧ ಗಂಟೆ ಕಾಯಿರಿ. ಹನಿ ಬಿದ್ದರೆ ಮತ್ತೆ ಬಿಚ್ಚಿ ಸೀಲ್ ನೋಡಿ.